ಗುರುವಾರ ಪಿಸ್ತೂಲಿಗೆ ರಜೆ

ಹೋದ ತಿಂಗಳು ಅವರು ಪೊಲೀಸ್ ಕೆಲಸದಿಂದ ನಿವೃತ್ತರಾದರು. ಜೊತೆಯವರು ಹೋಟೆಲಿನಲ್ಲಿ ಊಟ ಹಾಕಿಸಿದರಂತೆ, ದೊಡ್ಡ ಅಧಿಕಾರಿಯೊಬ್ಬರು ಬಂದು ಹೊಗಳಿದರಂತೆ, ಅವರನ್ನು ಎಬ್ಬಿಸಿ ನಿಲ್ಲಿಸಿ ನಾಲ್ಕು ಮಾತಾಡಿ ಎಂದು ಬಲವಂತ ಮಾಡಿದರಂತೆ. ಎಲ್ಲವೂ ಬೇರೆಯವರಿಂದ ಕೇಳಿದ ಅಂತೆಕಂತೆ. ಅವರನ್ನೇ ವಿಚಾರಿಸಿದರೆ ಸಿಕ್ಕ ಉತ್ತರ ಇಷ್ಟು: "ಊಟ ಗ್ರಾಂಡ್ ಆಗಿತ್ತು. ಭಾಷಣ ಸ್ವಲ್ಪ ಉದ್ದ ಆಯ್ತು."

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೊಗಳಿದರೆ ಕಿವಿಯ ತನಕ ಕೆಂಪಾಗಿ, ಏನೋ ಕೆಲಸ ನೆನಪಾದವರಂತೆ ಎದ್ದು ಹೋಗುವ ಪೈಕಿ ಅವರು. ಈ ಊರಿನ ನಾಲ್ಕಾರು ಕನ್ನಡದ ಮನೆಗಳಲ್ಲಿ ಅವರಿಗೆ 'ಪೊಲೀಸ್ ಮೇಡಂ' ಎಂದೇ ಹೆಸರು. ಐರ್ಲೆಂಡಿನ ಕಾರ್ಕ್ ನಗರದಲ್ಲಿ ಡಿಟೆಕ್ಟಿವ್ ಆಗಿದ್ದರು. ಅದರ ಜೊತೆಗೆ, ಬಂದರಿನ ದಂಡೆಯಲ್ಲಿರುವ ನಮ್ಮ ಪುಟ್ಟ ಊರಿನಲ್ಲಿ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಪ್ರತಿ ಗುರುವಾರ ಸಂಜೆ ಸೇರುವ ಸ್ಕೌಟ್ ದಳದ ಲೀಡರ್. ನನ್ನ ಮಗಳು ಆ ದಳಕ್ಕೆ ಸೇರಿದ್ದರಿಂದ ನನಗೆ ಅವರು ಗೊತ್ತಾದದ್ದು. ನಾನು ರಿಂಗಾಸ್ಕಿಡಿಯ ಒಂದು ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕಾಡು, ಟೆಂಟು, ಬೆಂಕಿ ಹೊತ್ತಿಸುವುದು ಇವಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ.

ಮಗಳನ್ನು ಮೊದಲ ದಿನ ಬಿಡಲು ಹೋದಾಗ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮಕ್ಕಳೆಲ್ಲ ಹಾಲ್‌ನ ಬಾಗಿಲಲ್ಲಿ ನಿಂತಿದ್ದರು. ಕಾರಿನಿಂದ ಇಳಿದ ಎತ್ತರದ ಹೆಂಗಸೊಬ್ಬರು, ಮೋಟು ನರೆಗೂದಲು, ಮಕ್ಕಳ ಎದುರು ಬಂದು ನಿಂತು ಜಾಕೆಟ್ಟಿನ ಎರಡೂ ಅಂಚು ಮೇಲೆತ್ತಿ ಒಂದು ಸುತ್ತು ತಿರುಗಿದರು. "ಏನೂ ಇಲ್ಲ," ಎಂದರು ಮಕ್ಕಳು. "ಗ್ರಾಂಡ್, ಹಾಗಾದ್ರೆ ಒಳಗೆ ನಡೀರಿ," ಎಂದರು ಅವರು. ನಾನು ಇದ್ಯಾವ ಹುಚ್ಚು ಎಂದುಕೊಂಡೆ. ಪಕ್ಕದಲ್ಲಿದ್ದ ಒಬ್ಬ ತಾಯಿ ತಿಳಿಸಿ ಹೇಳಿದಳು. ಈ ದೇಶದಲ್ಲಿ ಹೆಚ್ಚಿನ ಪೊಲೀಸರ ಬಳಿ ಬಂದೂಕೇ ಇರುವುದಿಲ್ಲ, ಡಿಟೆಕ್ಟಿವ್‌ಗಳ ಬಳಿ ಇರುತ್ತದೆ. ಇವರು ತಮ್ಮ ಪಿಸ್ತೂಲನ್ನು ಸ್ಟೇಷನ್ನಿನಲ್ಲಿ ಒಪ್ಪಿಸಿ ಬಂದಿದ್ದೇನೆ ಎಂದು ಮಕ್ಕಳಿಗೆ ಹೀಗೆ ಲೆಕ್ಕ ಒಪ್ಪಿಸುತ್ತಾರೆ.

ದಳದ ನಿಯಮಗಳಲ್ಲಿ ಅದಕ್ಕೊಂದು ಸಾಲಿತ್ತು. ಲೈಸೆನ್ಸ್ ಇರಲಿ, ಸರ್ಕಾರವೇ ಕೊಟ್ಟಿರಲಿ, ಮಕ್ಕಳು ಸೇರುವ ಜಾಗಕ್ಕೆ ಯಾವ ಬಂದೂಕೂ ಬರಕೂಡದು. ಉಳಿದ ದೊಡ್ಡವರಿಗೆ ಅದು ಓದಿ ಮರೆಯುವ ಸಾಲು. ಈ ಊರಲ್ಲಿ ಯಾರ ಬಳಿ ಪಿಸ್ತೂಲಿದೆ? ಇದ್ದದ್ದು ಇವರೊಬ್ಬರ ಬಳಿ. ಹಾಗಾಗಿ ಆ ಸಾಲಿನ ಭಾರವನ್ನೆಲ್ಲ ಇವರೊಬ್ಬರೇ ಹೊರುತ್ತಿದ್ದರು. ಕೆಲಸ ಮುಗಿಸಿ ನೇರ ಬಂದರೆ ಸರಿಯಾದ ಹೊತ್ತಿಗೆ ಮುಟ್ಟಬಹುದು. ಆದರೆ ಮೊದಲು ಸ್ಟೇಷನ್ನಿಗೆ ಹೋಗಿ, ಒಪ್ಪಿಸಿ, ಸಂಜೆಯ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಬರುವಷ್ಟರಲ್ಲಿ ತಡವಾಗುತ್ತಿತ್ತು. ಇದ್ದದ್ದೇ ಇಬ್ಬರು ಲೀಡರ್‌ಗಳು: ಇವರು, ಮತ್ತು ಫೆರಿ ಹಡಗಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜ. ಇಬ್ಬರು ದೊಡ್ಡವರಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಮಳೆ ಬಂದರೆ ಅಜ್ಜ, ಮಕ್ಕಳು, ಮಕ್ಕಳ ಅಪ್ಪ ಅಮ್ಮ ಎಲ್ಲ ಸೂರಿನ ಕೆಳಗೆ ಒತ್ತಿಕೊಂಡು ನಿಂತು ಕಾಯಬೇಕು. ಐರ್ಲೆಂಡಿನಲ್ಲಿ ಮಳೆ ಬಂದರೆ ಎಂದು ಬರೆಯುವುದೇ ತಮಾಷೆ. ಕಾದು ಕಾದು ನನಗೂ ಸಿಟ್ಟು ಬಂದದ್ದುಂಟು.

ಇನ್ನೊಂದು ವಿಚಿತ್ರ. ವೃತ್ತಿಯಲ್ಲಿ ಪ್ರಶ್ನೆ ಕೇಳುವುದೇ ಕೆಲಸವಾಗಿದ್ದ ಈ ಹೆಂಗಸು ಗುರುವಾರ ಸಂಜೆ ಮಕ್ಕಳನ್ನು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಇಬ್ಬರು ಹುಡುಗರು ಹೊಡೆದಾಡಿ ಮೂಗಲ್ಲಿ ರಕ್ತ ಸುರಿಸಿಕೊಂಡರೂ 'ಯಾರು ಶುರು ಮಾಡಿದ್ದು' ಎನ್ನುವುದಿಲ್ಲ. ಮೂಗು ಒರೆಸಿ, ಒಂದು ಬಕೆಟ್ ಆಲೂಗಡ್ಡೆ, ಎರಡು ಚಾಕು ಕೊಟ್ಟು ಎದುರುಬದುರು ಕೂರಿಸುತ್ತಿದ್ದರು. ಸಿಪ್ಪೆ ತೆಗೆದು ಮುಗಿಯುವ ಹೊತ್ತಿಗೆ ಆ ಹುಡುಗರೇ ಎಲ್ಲ ಹೇಳಿ, ಅತ್ತು, ನಕ್ಕು ಆಗಿರುತ್ತಿತ್ತು. ಕೊನೆಗೆ ಚಹಾ ಕಪ್ಪುಗಳನ್ನು ತೊಳೆಯುವುದು ಮೇಡಂ ಪಾಲಿನ ಕೆಲಸ, ಒರೆಸಲು ಒಂದು ಮಗು. ತೊಳೆಯುವವರು ಸಿಂಕ್ ನೋಡುತ್ತಾರೆ, ಒರೆಸುವವರು ಕಪ್ಪು ನೋಡುತ್ತಾರೆ. ಮಾತಿಗೆ ಅಷ್ಟು ಸಾಕಿತ್ತು.

ನನ್ನ ಮಗಳು ಮಾತಾಡಿದ್ದೂ ಹಾಗೇ. ಇಲ್ಲಿಗೆ ಬಂದ ಹೊಸದರಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದವಳು, ಹೈಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದೇ ಉತ್ತರ: "ಐಮ್ ಗ್ರಾಂಡ್, ಅಮ್ಮ." ಇಲ್ಲಿಯವರಿಗೆ ಎಲ್ಲ ಸರಿಯಿದೆ ಎನ್ನುವುದಕ್ಕೆ ಅದೊಂದೇ ಮಾತು. ಊಟ ಮಾಡಿದ್ಯಾ? ಗ್ರಾಂಡ್. ಸ್ಕೂಲ್ ಹೇಗಿತ್ತು? ಗ್ರಾಂಡ್. ವಯಸ್ಸು ಅಂಥದ್ದು ಎಂದು ಸುಮ್ಮನಾದೆ. ಒಂದು ಗುರುವಾರ ಕರೆದುಕೊಂಡು ಬರಲು ಹೋದಾಗ ಮೇಡಂ ನನ್ನ ಕಾರಿನ ಕಿಟಕಿಯ ಬಳಿ ಬಗ್ಗಿ ನಿಂತರು.

"ನಿಮ್ಮ ಮಗಳು ನಿಮಗೊಂದು ವಿಷಯ ಹೇಳ್ತಾಳೆ. ನಾನು ಹೇಳೋದಕ್ಕಿಂತ ಅವಳೇ ಹೇಳಿದ್ರೆ ಒಳ್ಳೇದು. ಮನೆಗೆ ಉದ್ದದ ದಾರಿ ಹಿಡಿದು ಹೋಗಿ. ಅವಳು ಮುಗಿಸೋ ತನಕ ಮಧ್ಯದಲ್ಲಿ ಏನೂ ಕೇಳ್ಬೇಡಿ," ಎಂದರು.

ಬಂದರಿನ ದಂಡೆ ಸುತ್ತಿಕೊಂಡು ಹೋಗುವ ರಸ್ತೆ ಹಿಡಿದೆ. ಮಗಳು ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತಿದ್ದು ಆಮೇಲೆ ಶುರು ಮಾಡಿದಳು. ಸ್ಕೂಲ್ ಬಸ್ಸಿನಲ್ಲಿ ದೊಡ್ಡ ಹುಡುಗಿಯರಿಬ್ಬರು ಇವಳ ಡಬ್ಬಿಯ ಚಿತ್ರಾನ್ನಕ್ಕೆ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಬ್ಯಾಗು ಬಚ್ಚಿಡುತ್ತಿದ್ದರಂತೆ. ನಿಮ್ಮೂರಿಗೆ ಹೋಗು ಎನ್ನುತ್ತಿದ್ದರಂತೆ. ಇವಳು ವಾರಗಟ್ಟಲೆ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದು ಬರಿ ಹೊಟ್ಟೆಯಲ್ಲಿ ಕೂತಿದ್ದಳು. ಹೆತ್ತವಳು ನಾನು, ಹೇಳಿಕೊಂಡದ್ದು ಮೇಡಂ ಬಳಿ ಎಂದು ಸಂಕಟವಾಯಿತು. ಆದರೂ ಒಬ್ಬರ ಬಳಿಯಾದರೂ ಹೇಳಿದಳಲ್ಲ ಎಂದು ಅವರ ಮೇಲೆ ಪ್ರೀತಿ ಉಕ್ಕಿತು. ಮರುದಿನವೇ ಸ್ಕೂಲಿಗೆ ಹೋದೆ, ಸ್ಕೂಲಿನವರು ಕ್ರಮ ತೆಗೆದುಕೊಂಡರು, ಬಸ್ಸಿನ ಕಾಟ ನಿಂತಿತು. ಮಗಳು ಮತ್ತೆ ಡಬ್ಬಿ ಖಾಲಿ ಮಾಡಿಕೊಂಡು ಬರತೊಡಗಿದಳು. ಆಮೇಲೆ ಗುರುವಾರ ತಡವಾದರೆ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ.

ಆ ವರ್ಷ ನವರಾತ್ರಿಗೆ ಮುಂಚೆ ನಮ್ಮಪ್ಪ ಬಂದರು. ತುಮಕೂರಿನ ಕಡೆ ಮೀಸಲು ಪೊಲೀಸ್ ಪಡೆಯಲ್ಲಿದ್ದು ನಿವೃತ್ತರಾದವರು. ಬಂದೂಕುಗಳ ಕೋಣೆಯ ಉಸ್ತುವಾರಿ ಬಹಳ ಕಾಲ ಅವರದೇ. ಇಲ್ಲಿಯ ಚಳಿಗೆ ಮಫ್ಲರ್ ಬಿಗಿದುಕೊಂಡು, ಸೋಫಾದಲ್ಲಿ ಕೂತು, ಬೇಜಾರಾಗಿ ಮನೆಯ ಪಾತ್ರೆಗಳನ್ನೆಲ್ಲ ಸಾಲಾಗಿ ಜೋಡಿಸಿಡುತ್ತಿದ್ದರು. ಮೊಮ್ಮಗಳ ಲೀಡರ್ ಗಾರ್ಡ್ ಎಂದು ಕೇಳಿ ಅವರಿಗೆ ಮೊದಲು ಅಷ್ಟೇನೂ ಅನ್ನಿಸಲಿಲ್ಲ.

"ಗಾರ್ಡ್ ಅಂದ್ರೆ? ಬ್ಯಾಂಕ್ ಮುಂದೆ ಕೂರ್ತಾರಲ್ಲ, ಅವರಾ?"

"ಅಲ್ಲಪ್ಪ, ಇಲ್ಲಿ ಪೊಲೀಸ್ರನ್ನೇ ಗಾರ್ಡ್ ಅಂತಾರೆ. ಅವರು ಡಿಟೆಕ್ಟಿವ್."

"ರಿವಾಲ್ವರ್ ಐತಾ?"

"ಐತೆ."

"ಹಂಗಾದ್ರೆ ನಮ್ಮ ಇಲಾಖೆಯೋರು ಅನ್ನು," ಎಂದು ಅಪ್ಪ ನೆಟ್ಟಗೆ ಕೂತರು. ಗುರುವಾರ ಬಂತೆಂದರೆ ನನಗಿಂತ ಮೊದಲು ಶೂ ಹಾಕಿಕೊಂಡು ಸಿದ್ಧ.

ಆ ಸಲ ನಾವು ಕನ್ನಡದವರೆಲ್ಲ ಸೇರಿ ಆಯುಧ ಪೂಜೆಯನ್ನು ಗುರುವಾರವೇ ಇಟ್ಟುಕೊಂಡಿದ್ದೆವು. ಚರ್ಚಿನವರು ಅದೇ ಹಾಲ್ ಬಿಟ್ಟುಕೊಟ್ಟಿದ್ದರು. ದಳದ ಮಕ್ಕಳನ್ನೂ ಕರೆದಿದ್ದೆವು, ಅವರು ತಮ್ಮ ಹಗ್ಗ, ಟೆಂಟು, ದಿಕ್ಸೂಚಿ ತಂದಿಡುವುದೆಂದು ಮಾತಾಗಿತ್ತು. ಒಂದು ವಾರ ಮುಂಚೆ ಅಪ್ಪ ನೇರವಾಗಿ ಮೇಡಂ ಬಳಿ ಹೋಗಿ, ಎದೆ ಮುಂದೆ ಮಾಡಿ ನಿಂತು, ತಮ್ಮ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟರು: ಮುಂದಿನ ವಾರ ನಿಮ್ಮ ರಿವಾಲ್ವರ್ ತನ್ನಿ, ಪೂರ್ತಿ ಮರ್ಯಾದೆ ಕೊಡುತ್ತೇವೆ. ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಪಿಸ್ತೂಲನ್ನು ಬಾಗಿಲ ತನಕವೂ ತಾರದ ಹೆಂಗಸನ್ನು, ಅದನ್ನು ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚೋಣ, ತನ್ನಿ ಎಂದು ಕರೆಯುವ ತಪ್ಪನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರರು.

ಅವರು ನಗಲಿಲ್ಲ. "ಅದು ಹೇಗೆ ಮಾಡ್ತೀರಿ?" ಎಂದು ಕೇಳಿದರು. ಗುರುವಾರ ಅವರು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಅಪ್ಪನಿಗೆ ಹುರುಪು ಬಂತು. ನಾನು ಅನುವಾದಕಿ. ಹಿಂದಿನ ದಿನ ಎಲ್ಲ ಬಂದೂಕು ಬಿಚ್ಚಿ, ಎಣ್ಣೆ ಹಾಕಿ ಒರೆಸುವುದು. ಸಾಲಾಗಿ ನಿಲ್ಲಿಸಿ ವಿಭೂತಿ, ಕುಂಕುಮ, ಚೆಂಡು ಹೂವು. ಬೂದುಗುಂಬಳ ಒಡೆಯುವುದು. ಸಾಹೇಬರೇ ಬಂದು ಮಂಗಳಾರತಿ ತೆಗೆದುಕೊಳ್ಳುವುದು. ಆಮೇಲೆ ಎಲ್ಲರಿಗೂ ಕಡ್ಲೆಪುರಿ.

"ಪೂಜೆ ನಡೀವಾಗ ಕಾವಲು ಯಾರು?" ಎಂದರು ಅವರು.

"ಸೆಂಟ್ರಿ ಬಂದೂಕು ಒಂದಕ್ಕೆ ಮೊದಲೇ ಕುಂಕುಮ ಇಟ್ಟು ಡ್ಯೂಟಿಗೆ ಕಳಿಸ್ತೀವಿ," ಎಂದು ಅಪ್ಪ ಹೇಳಿದಾಗ ಅವರು ತಲೆಯಾಡಿಸಿದ್ದು ನೋಡಬೇಕಿತ್ತು. ಒಂದೇ ಕಸುಬಿನ ಇಬ್ಬರು ಎದುರಾದಾಗ ಭಾಷೆ ಅಡ್ಡ ಬರುವುದಿಲ್ಲ.

"ಸರ್, ಈ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನ ಯಾರೂ ಇಷ್ಟು ಚೆನ್ನಾಗಿ ಏನನ್ನೂ ಕೇಳಿರಲಿಲ್ಲ. ಆದ್ರೆ ಅದನ್ನ ತರೋದಿಲ್ಲ. ಮಕ್ಕಳಿರ್ತಾರೆ," ಎಂದರು.

ಅಪ್ಪ ಮನೆಗೆ ಬರುವ ತನಕ ಮುಖ ಊದಿಸಿಕೊಂಡಿದ್ದರು. "ನಾನೇನು ಮಕ್ಕಳ ಕೈಗೆ ಕೊಡಿ ಅಂದ್ನಾ? ಗುಂಡು ತೆಗೆದು ತಟ್ಟೇಲಿ ಇಡಿ ಅಂದೆ. ಆಯುಧ ಅಂದ್ರೆ ಪಾಪ ಅನ್ಕೊಂಡವ್ರಾ? ಅದರಿಂದಲೇ ಅಲ್ವಾ ಅವರು ಅನ್ನ ತಿನ್ನೋದು?" ಎಂದು ಗೊಣಗಿದರು. ಮಗಳು ಹಿಂದಿನ ಸೀಟಿನಿಂದ, "ಶಿ ನೆವರ್ ಬ್ರಿಂಗ್ಸ್ ಇಟ್, ತಾತ," ಎಂದಷ್ಟೇ ಹೇಳಿದಳು.

ಪೂಜೆಯ ದಿನ ಬೂದುಗುಂಬಳ ಎಲ್ಲಿಂದ ತರುವುದು? ಹ್ಯಾಲೋವೀನ್ ಹತ್ತಿರವಿದ್ದುದರಿಂದ ಅಂಗಡಿ ತುಂಬ ಕೆಂಪು ಕುಂಬಳ. ಅದರಲ್ಲೇ ಒಂದನ್ನು ತಂದೆವು. ಹಾಲ್‌ನ ಮುಂದೆ ಕಾರುಗಳು, ಗಾಲಿಯ ಕೆಳಗೆ ನಿಂಬೆಹಣ್ಣು. ಒಳಗೆ ಮೇಜಿನ ಮೇಲೆ ನಗರದ ಪಕ್ಕದ ಲಿಟಲ್ ಐಲ್ಯಾಂಡಿನ ಆಫೀಸುಗಳ ಲ್ಯಾಪ್‌ಟಾಪುಗಳು, ಯಾರದೋ ಸ್ಟೆತಾಸ್ಕೋಪು, ಒಬ್ಬ ಮಹಾಶಯನ ರೈಸ್ ಕುಕ್ಕರು, ಮಕ್ಕಳ ಹಗ್ಗದ ಸುರುಳಿಗಳು. ಮೇಡಂ ಎಂದಿನಂತೆ ತಡವಾಗಿ ಬಂದರು. ಬಂದವರು ನೇರ ಅಡುಗೆ ಮೂಲೆಗೆ ಹೋಗಿ, ದಳದ ದೊಡ್ಡ ಚಹಾ ಕೆಟಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಪ್ಪನ ಮುಂದೆ ನಿಂತರು. ಹೊಟ್ಟೆ ನಗ್ಗಿದ, ಮಸಿ ಹಿಡಿದ ಕೆಟಲ್ಲು ಅದು.

"ಗುರುವಾರ ನನ್ನ ಆಯುಧ ಇದು, ಸರ್."

ಅಪ್ಪ ಕೆಟಲ್ಲು ನೋಡಿದರು, ಅವರನ್ನು ನೋಡಿದರು. ಬಂದಾಗಿನಿಂದ ಮೊದಲ ಸಲ ಬಾಯಿತುಂಬ ನಕ್ಕರು. ತಮ್ಮ ಕರ್ಚೀಫಿನಿಂದ ಅದರ ಮಸಿ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಲ್ಯಾಪ್‌ಟಾಪುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ನಡುವೆ ಕೂರಿಸಿದರು.

ಎಲ್ಲ ಮುಗಿದು, ಒಡೆದ ಕುಂಬಳವನ್ನು ಕಾರ್ ಪಾರ್ಕಿನಿಂದ ಬಳಿದು ತೆಗೆದ ಮೇಲೆ, ಅಪ್ಪ ಮತ್ತು ಮೇಡಂ ಮೆಟ್ಟಿಲ ಮೇಲೆ ಕೂತು ಒಂದೇ ಪೊಟ್ಟಣದಿಂದ ಕಡ್ಲೆಪುರಿ ತಿನ್ನುತ್ತಿದ್ದರು. ಅಪ್ಪ ನನ್ನನ್ನು ಕರೆದು, "ಯಾಕೆ ತರಲ್ಲ ಅಂತ ಕೇಳು. ರೂಲ್ಸ್ ಗೊತ್ತು, ಅದನ್ನ ಬಿಟ್ಟು ಹೇಳೋಕೆ ಹೇಳು," ಎಂದರು.

ಅವರು ಹೇಳಿದರು. ಹರೆಯದಲ್ಲಿ ದೇಶದ ಉತ್ತರ ಗಡಿಯ ಕಡೆಯ ಒಂದು ಊರಿಗೆ ವರ್ಗವಾಗಿದ್ದಾಗ, ಸಂಜೆ ಅಲ್ಲಿನ ಮಕ್ಕಳ ಕ್ಲಬ್ಬಿನಲ್ಲಿ ಆಟ ಆಡಿಸುತ್ತಿದ್ದರಂತೆ. ಆ ಕ್ಲಬ್ಬಿಗೆ ಆಗ ಇಂಥ ನಿಯಮ ಇರಲಿಲ್ಲ. ಮೊದಮೊದಲು ಪಿಸ್ತೂಲಿಲ್ಲದೆ ಹೋಗುತ್ತಿದ್ದರು. ಡಿಟೆಕ್ಟಿವ್ ಆದ ಮೇಲೆ ಕೆಲಸದಿಂದ ನೇರ, ಸ್ವೆಟರಿನ ಕೆಳಗೆ ಪಿಸ್ತೂಲು ಇಟ್ಟುಕೊಂಡೇ ಹೋಗತೊಡಗಿದರು.

"ಯಾರಿಗೂ ಕಾಣಲ್ಲ ಅನ್ಕೊಂಡಿದ್ದೆ. ಮಕ್ಕಳಿಗೆ ಕಾಣದ್ದು ಏನಿದೆ? ಆಮೇಲೆ ನಾನು ಬಾಗಿಲಿಗೆ ಬಂದ್ರೆ ಮೊದಲು ನನ್ನ ಸೊಂಟ ನೋಡೋರು, ಆಮೇಲೆ ಮುಖ ನೋಡೋರು. ಕೆಟ್ಟದ್ದೇನೂ ಆಗ್ಲಿಲ್ಲ ಸರ್. ಯಾರಿಗೂ ಏನೂ ಆಗ್ಲಿಲ್ಲ. ಆದ್ರೆ ಅಲ್ಲಿದ್ದಷ್ಟು ದಿನ ಮತ್ತೆ ಯಾವ ಮಗೂನೂ ನಂಗೆ ಏನೂ ಹೇಳ್ಲಿಲ್ಲ."

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಪ್ಪ ಕಡ್ಲೆಪುರಿಯನ್ನು ಅಂಗೈಯಲ್ಲೇ ಹಿಡಿದು ಕೂತರು.

"ಇವಳೂ ಹಂಗೇ," ಎಂದರು ಆಮೇಲೆ, ನನ್ನ ಕಡೆ ನೋಡದೆ. "ಚಿಕ್ಕೋಳಿದ್ದಾಗ ನಾನು ಡ್ಯೂಟಿಯಿಂದ ಬಂದ್ರೆ ಮೊದ್ಲು ಬೆಲ್ಟ್ ನೋಡೋಳು. ಬಾಗಿಲ ಹಿಂದೆ ನಿಂತು ನೋಡೋಳು. ಅಪ್ಪಾ ಅಂತ ಬರ್ತಿದ್ದುದು ಅದನ್ನ ಬಿಚ್ಚಿಟ್ಟ ಮೇಲೇನೇ. ಹೇಳಮ್ಮ, ಅವರಿಗೆ ಹೇಳು."

ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಪ್ಪನಿಗೆ ಇದೆಲ್ಲ ಗೊತ್ತಿತ್ತೆಂದು ನನಗೆ ಗೊತ್ತಿರಲಿಲ್ಲ. ಮೇಡಂ ಪೊಟ್ಟಣವನ್ನು ಅಪ್ಪನ ಕಡೆ ಸರಿಸಿದರು.

ಚಳಿಗಾಲ ಕಾಲಿಡುವ ಹೊತ್ತಿಗೆ ಕಷ್ಟ ಬಂತು. ಮೇಡಂ ಅವರ ಕೆಲಸ ಬದಲಾಯಿತು. ಇನ್ನು ಮೇಲೆ ಗುರುವಾರ ಸಂಜೆ ಕರೆ ಬಂದ ತಕ್ಷಣ ಹೊರಡಬೇಕು, ಪಿಸ್ತೂಲು ಮೈಮೇಲೇ ಇರಬೇಕು. ಅಂದರೆ ಅದನ್ನಿಟ್ಟುಕೊಂಡು ದಳಕ್ಕೆ ಬರಬೇಕು, ಇಲ್ಲವೇ ಬರಲೇಬಾರದು. ಅವರು ಬರದಿದ್ದರೆ ಉಳಿಯುವುದು ಅಜ್ಜ ಒಬ್ಬರೇ, ಒಬ್ಬರಿಂದ ದಳ ನಡೆಯುವುದಿಲ್ಲ. ಕ್ರಿಸ್‌ಮಸ್ಸಿಗೆ ಬಾಗಿಲು ಮುಚ್ಚುವುದೇ. ಮಗಳು ಆ ಸುದ್ದಿ ಕೇಳಿ ಊಟ ಬಿಟ್ಟೆದ್ದು ರೂಮಿಗೆ ಹೋದಳು. ಅವಳು ಮತ್ತೆ ಬಾಯಿಗೆ ಬೀಗ ಹಾಕಿಕೊಂಡರೆ ಕೀಲಿ ಯಾರ ಬಳಿ ಇರುತ್ತದೆ ಎಂದು ನನಗೆ ಚಿಂತೆ ಹತ್ತಿತು.

ಮಕ್ಕಳ ತಂದೆ ತಾಯಂದಿರು ಒಂದು ಶನಿವಾರ ಹಾಲ್‌ನಲ್ಲಿ ಸೇರಿದೆವು. ಅಪ್ಪನೂ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ನಾನು ಪಿಸುಮಾತಿನಲ್ಲಿ ಅವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಬ್ಬೊಬ್ಬರದು ಒಂದೊಂದು ದಾರಿ. ಫೆರಿ ಬಂದರಿನಲ್ಲಿ ಕ್ರೇನ್ ನಡೆಸುವ ಒಬ್ಬ ತಂದೆ, ಒಳ್ಳೆಯ ಮನುಷ್ಯ, "ದಪ್ಪ ಕೋಟು ಹಾಕ್ಕೊಂಡ್ರೆ ಆಯ್ತಪ್ಪ. ನಾವ್ಯಾರೂ ಬಾಯಿ ಬಿಡಲ್ಲ," ಎಂದ. ಮಕ್ಕಳಿಗೆ ಅದರಿಂದ ರಕ್ಷಣೆಯೇ ಹೆಚ್ಚಲ್ಲವೇ ಎಂದಳು ಒಬ್ಬಾಕೆ. ಕಾರಿನಲ್ಲಿ ಬೀಗ ಹಾಕಿಟ್ಟು ಬರಬಹುದಲ್ಲ ಎಂದರು ಮತ್ತೊಬ್ಬರು. ಕೊನೆಗೆ, ಪೊಲೀಸರಿಗೆ ಮಾತ್ರ ವಿನಾಯಿತಿ ಕೊಡಿ ಎಂದು ಮೇಲಿನವರನ್ನು ಕೇಳೋಣ ಎಂಬಲ್ಲಿಗೆ ಮಾತು ಬಂದು ನಿಂತಿತು. ಬಹಳ ಮಂದಿಗೆ ಅದು ಸರಿ ಎನಿಸಿತ್ತು. ಮಗಳ ಮುಖ ನೆನೆದು ನನಗೂ, ಹೇಗಾದರೂ ಇವರು ಇಲ್ಲಿ ಇದ್ದರೆ ಸಾಕು ಎನ್ನಿಸುತ್ತಿತ್ತು.

ಮೇಡಂ ಎಲ್ಲರ ಮಾತು ಮುಗಿಯಲು ಬಿಟ್ಟರು. "ಕಾರಿನಲ್ಲಿ ಬಿಟ್ಟು ಬರೋದು ಎಲ್ಲಕ್ಕಿಂತ ಕೆಟ್ಟದ್ದು. ಕೋಟಿನ ಕೆಳಗೆ ಇಟ್ಟು ನೋಡಿದೀನಿ, ಆಗಲ್ಲ. ವಿನಾಯಿತಿ ಸಿಕ್ಕಿದ್ರೂ ನಾನು ತಗೊಳ್ಳಲ್ಲ. ನನಗೋಸ್ಕರ ಆ ಸಾಲನ್ನ ತಿದ್ದಬೇಡಿ," ಎಂದರು. ಅವರ ದನಿ ಏರಲಿಲ್ಲ, ಕೈ ಮಾತ್ರ ಜೇಬಿನೊಳಗೆ ಏನನ್ನೋ ಹಿಸುಕುತ್ತಿತ್ತು. ಆ ದಳವನ್ನು ಅವರು ಎಷ್ಟು ಹಚ್ಚಿಕೊಂಡಿದ್ದರು ಎಂದು ನನಗೆ ತಿಳಿದದ್ದು ಆಗಲೇ.

"ಹಾಗಾದ್ರೆ ಹೊಸ ಲೀಡರ್ ಬೇಕು," ಎಂದರು ಅಜ್ಜ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ನಮ್ಮ ನಮ್ಮ ಶೂ ನೋಡಿಕೊಂಡೆವು.

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ನಿಂತಿದ್ದರು.

"ನಾನು ಹೇಳ್ತೀನಿ, ನೀನು ಇವರಿಗೆ ಹೇಳು," ಎಂದರು. "ನಮ್ಮೂರಲ್ಲಿ ಆಯುಧ ಪೂಜೆ ಮಾಡಿದ ದಿನ ಪೂಜೆಗಿಟ್ಟ ಬಂದೂಕನ್ನ ಯಾರೂ ಮುಟ್ಟಲ್ಲ. ಅವತ್ತು ಅದಕ್ಕೆ ರಜೆ. ನಾವು ವರ್ಷಕ್ಕೊಂದು ದಿನ ಕೊಡೋ ರಜೆನ ಈಯಮ್ಮ ವಾರಕ್ಕೊಂದು ದಿನ ಕೊಡ್ತಾವ್ರೆ. ನಾನು ಅದನ್ನ ಅವಮಾನ ಅನ್ಕೊಂಡಿದ್ದೆ. ಅಲ್ಲ, ಅದು ಮರ್ಯಾದೆನೇ."

ನಾನು ಹೇಳಿದೆ.

"ಇನ್ನೊಂದು ಮಾತು. ಸೆಂಟ್ರಿಗೆ ಬೇರೆ ಡ್ಯೂಟಿ ಬಿದ್ರೆ ಇನ್ನೊಬ್ಬ ಸೆಂಟ್ರಿನ ನಿಲ್ಲಿಸ್ತೀವಿ. ಗೇಟನ್ನೇ ಕಿತ್ತು ಹಾಕಲ್ಲ."

ಅದನ್ನೂ ಹೇಳಿದೆ. ಕ್ರೇನಿನವನು ನಕ್ಕು ತಲೆ ಕೆರೆದುಕೊಂಡ. ಅಪ್ಪ ಅಷ್ಟಕ್ಕೆ ಕೂರುತ್ತಾರೆ ಎಂದುಕೊಂಡರೆ, ನನ್ನ ಅನುವಾದಕ್ಕೆ ಕಾಯದೆ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ, "ಮೈ ಡಾಟರ್ ವಿಲ್ ಡೂ ದ ಡ್ಯೂಟಿ," ಎಂದುಬಿಟ್ಟರು.

ಮಾತು ಕೊಟ್ಟವರು ಅವರು, ಸಿಕ್ಕಿಬಿದ್ದವಳು ನಾನು. ಬೇಡ ಎನ್ನಲು ಬಾಯಿ ತೆರೆದೆ. ಕಿಟಕಿಯ ಹೊರಗೆ ಮಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದಳು. "ಮಾಡ್ತೀನಿ," ಎಂದೆ. "ಅವರು ಬರೋದಾದ್ರೆ ನಾನೂ ಬರ್ತೀನಿ," ಎಂದ ಕ್ರೇನಿನವನು.

ಅಪ್ಪ ಊರಿಗೆ ಮರಳಿದರು, ನನಗೆ ಟೆಂಟು ಗಂಟುಬಿತ್ತು. ಮಕ್ಕಳ ಜೊತೆ ಇರುವವರಿಗೆಲ್ಲ ಕಡ್ಡಾಯವಾದ ಪೊಲೀಸ್ ತಪಾಸಣೆ, ತರಬೇತಿ ಎಲ್ಲ ಆಯಿತು. ರಜೆಯ ದಿನಗಳಲ್ಲಿ ಮೇಡಂ ಮನೆಗೇ ಬಂದು ಕಲಿಸಿದರು. ಅವರು ತೋರಿಸಿದ ಗಂಟುಗಳು ನನ್ನ ಕೈಯಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ನಿಮಗೆ ಬರೋ ಗಂಟು ಯಾವುದಾದ್ರೂ ಇದೆಯಾ ಎಂದಾಗ, ಹೂ ಕಟ್ಟುವ ಗಂಟೊಂದೇ ಎಂದೆ. ತೋರಿಸಿ ಎಂದರು. ಹಿತ್ತಲಿನ ಡೈಸಿ ಹೂವು, ಹೊಲಿಗೆ ದಾರ ತಂದು ಕಟ್ಟಿ ತೋರಿಸಿದೆ. ಅವರ ದಪ್ಪ ಬೆರಳಿಗೆ ಅದು ಒಲಿಯಲೇ ಇಲ್ಲ. "ಮೊದಲ ಗುರುವಾರ ಮಕ್ಕಳಿಗೆ ಇದನ್ನೇ ಕಲಿಸಿ. ನಿಮಗೆ ಭಯ ಇರಲ್ಲ," ಎಂದರು. ಹಾಗೇ ಮಾಡಿದೆ. ಕ್ರೇನಿನವನು ತನ್ನ ಮಗನಿಗಿಂತ ಚೆನ್ನಾಗಿ ಕಲಿತ.

ಆಮೇಲಿನ ವರ್ಷಗಳಲ್ಲಿ ಮೇಡಂ ಡ್ಯೂಟಿ ಇಲ್ಲದ ಗುರುವಾರ ಬರುತ್ತಿದ್ದರು, ಇದ್ದರೆ ಇಲ್ಲ. ಒಂದು ಸಲ ಕ್ಯಾಂಪಿಗೆ ಬೇಕಾದ ಗೂಟಗಳ ಪೆಟ್ಟಿಗೆ ಅವರ ಬಳಿಯೇ ಉಳಿದುಹೋಗಿತ್ತು. ಡ್ಯೂಟಿಯ ನಡುವೆ ತಂದರು. ಹೊರಗೆ ಮಳೆ ಸುರಿಯುತ್ತಿತ್ತು. ಗೇಟಿನ ಆಚೆ ರಸ್ತೆಯಲ್ಲೇ ನಿಂತು ನನಗೆ ಫೋನ್ ಮಾಡಿದರು. "ಒಳಗೆ ಬನ್ನಿ, ಚಹಾ ಆಗಿದೆ," ಎಂದೆ. "ಇವತ್ತು ಬರೋ ಹಾಗಿಲ್ಲ, ನಿಮಗೇ ಗೊತ್ತಲ್ಲ," ಎಂದು ಪೆಟ್ಟಿಗೆಯನ್ನು ಗೇಟಿನ ಮೇಲಿಂದ ದಾಟಿಸಿದರು. ಕಿಟಕಿಯಲ್ಲಿ ಮಕ್ಕಳು ಕೈಬೀಸಿದರು. ಅವರೂ ಕೈಬೀಸಿ, ತೊಯ್ದ ತಲೆಯನ್ನು ಒರೆಸಿಕೊಳ್ಳುತ್ತ ಕಾರಿಗೆ ಹೋದರು. ತಡೆಯುವವರು ಯಾರೂ ಇರಲಿಲ್ಲ, ಒಂದು ಹೆಜ್ಜೆ ಒಳಗಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರ ವಿಷಯ ಯಾರಿಗಾದರೂ ಹೇಳಬೇಕಾದರೆ ನಾನು ಇದನ್ನೇ ಹೇಳುತ್ತೇನೆ.

ಈಗ ಪಿಸ್ತೂಲು ಸರ್ಕಾರಕ್ಕೆ ಹೋಯಿತು. ಇನ್ನು ಪ್ರತಿ ಗುರುವಾರವೂ ಅವರು ನಮ್ಮವರೇ. ಲೀಡರ್ ಸ್ಥಾನ ತೆಗೆದುಕೊಳ್ಳಿ ಎಂದು ನಾನೂ ಕ್ರೇನಿನವನೂ ಹೇಳಿದರೆ, "ನೀವಿದ್ದೀರಲ್ಲ. ನಾನು ಸಹಾಯಕ್ಕೆ ಇರ್ತೀನಿ," ಎಂದರು.

ಹೋದ ವಾರ ಮಕ್ಕಳ ಕ್ಯಾಂಪಿನಿಂದ ಬಂದ ಟೆಂಟುಗಳು ಒದ್ದೆಯಾಗಿದ್ದವು. ಹಾಲ್‌ನಲ್ಲಿ ಹರಡಿ, ಒಣಗಿದ್ದನ್ನು ಮಡಿಸುತ್ತಿದ್ದೆವು. ನನ್ನ ಟೆಂಟಿನ ಇನ್ನೊಂದು ತುದಿ ಹಿಡಿದಿದ್ದವಳು ವಾಟರ್‌ಫರ್ಡ್‌ನಿಂದ ಹೊಸದಾಗಿ ಬಂದ ಹುಡುಗಿ. ಸೇರಿದಾಗಿನಿಂದ ಯಾರೊಂದಿಗೂ ನಾಲ್ಕು ಮಾತಾಡಿದವಳಲ್ಲ. ಮಡಿಸುತ್ತ ಮಡಿಸುತ್ತ ಇಬ್ಬರೂ ಹತ್ತಿರ ಬಂದೆವು. ಅವಳು ತನ್ನ ತುದಿಯನ್ನು ನನ್ನ ಕೈಗೆ ಕೊಡಲಿಲ್ಲ.

"ನಿಮಗೊಂದು ಹೇಳಬಹುದಾ?" ಎಂದಳು, ಇಂಗ್ಲಿಷಿನಲ್ಲಿ, ಟೆಂಟಿ‌ನ ಬಟ್ಟೆಯನ್ನೇ ನೋಡುತ್ತ.

ನನಗೆ ಹೆದರಿಕೆಯಾಯಿತು. ಇದು ನನ್ನ ಕೈಲಾಗುವ ಕೆಲಸವಲ್ಲ ಎಂದು ತಿರುಗಿ ಮೇಡಂ ಅವರನ್ನು ಹುಡುಕಿದೆ. ಅವರು ಆ ಮೂಲೆಯಿಂದ ನಮ್ಮನ್ನೇ ನೋಡುತ್ತಿದ್ದರು. ಕರೆಯಲು ಕೈ ಎತ್ತುವ ಮೊದಲೇ, ಬೇಡ ಎಂಬಂತೆ ತಲೆಯಾಡಿಸಿದರು. ಉಳಿದ ಮಕ್ಕಳನ್ನೆಲ್ಲ ಹೊರಗಿನ ಅಂಗಳಕ್ಕೆ ಹೊರಡಿಸಿ, ಬಾಗಿಲನ್ನು ಅಗಲವಾಗಿ ತೆರೆದಿಟ್ಟು, ತಾವು ನಮಗೆ ಕಾಣುವಂತೆ ಆದರೆ ಮಾತು ಕೇಳದಷ್ಟು ದೂರದಲ್ಲಿ ಹೋಗಿ ನಿಂತರು.

ನಾನು ಟೆಂಟನ್ನು ನೆಲಕ್ಕೆ ಬಿಟ್ಟು ಅದರ ಮೇಲೆ ಕೂತೆ. ಹುಡುಗಿ ಪಕ್ಕದಲ್ಲಿ ಕೂತಳು. ಶುರು ಮಾಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅವಳು ಮುಗಿಸುವ ತನಕ ನಾನು ಏನೂ ಕೇಳಲಿಲ್ಲ.